ನಮ್ಮ ಹಾಲಿಗೆ ನೀರು ಹಾಕಿದವರು ಯಾರು?

ಓದಿದವರಿಗೆ ಒಂದು ಕಾಯಿಲೆ ಇರುತ್ತದೆ. ಗೊತ್ತಿಲ್ಲದ ವಿಷಯದಲ್ಲೂ ಸುಮ್ಮನಿರಲು ಆಗುವುದಿಲ್ಲ. ನಮ್ಮ ಕುಟುಂಬದಲ್ಲಿ ಈ ಕಾಯಿಲೆ ಮೊದಲು ಬಂದದ್ದು ನನಗೆ. ಅಮ್ಮ ಬೀಡಿ ಕಟ್ಟುವಾಗ ಪಕ್ಕದಲ್ಲಿ ಎಲೆ ಕತ್ತರಿಸುತ್ತಲೇ ಪಾಠ ಬಾಯಿಪಾಠ ಮಾಡಿ, ಎರಡು ಬಸ್ಸು ಬದಲಿಸಿ ಪುತ್ತೂರಿಗೆ ಹೋಗಿ ಬಿ.ಎಸ್ಸಿ. ಮುಗಿಸಿದವಳು ನಾನು. ಮದುವೆಯಾಗಿ ಪೆರಾಬೆಗೆ ಬರುವಾಗ ಸೀರೆಗಳನ್ನು ಡಿಕ್ಕಿಗೆ ಹಾಕಿ, ಕಟ್ಟು ಹಾಕಿಸಿದ ಸರ್ಟಿಫಿಕೇಟನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದೆ. ಅದು ಈಗಲೂ ಚಾವಡಿಯಲ್ಲಿ, ದೇವರ ಪಟಕ್ಕಿಂತ ಒಂದು ಗೇಣು ಕೆಳಗೆ ನೇತಾಡುತ್ತಿದೆ.

ನನ್ನ ಯಜಮಾನರು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಹದಿನೆಂಟು ವರ್ಷಗಳಿಂದ ಹಾಲಿನ ಸೊಸೈಟಿಗೆ ಹಾಲು ಹಾಕುತ್ತಿದ್ದಾರೆ. ಹಾಲು ಕೊಟ್ಟು, ಅಲ್ಲೇ ಅರ್ಧ ಗಂಟೆ ಪಟ್ಟಾಂಗ ಹೊಡೆದು ಬರುವುದೇ ಅವರ ದಿನದ ಸುಖ. ಒಂದು ಬೆಳಿಗ್ಗೆ ಮಾತ್ರ ಹೋದಷ್ಟೇ ಬೇಗ ವಾಪಸು ಬಂದು, ಕ್ಯಾನನ್ನು ಜಗಲಿಯಲ್ಲಿಟ್ಟು, ನಾಳೆಯಿಂದ ನೀನೇ ಕೊಂಡುಹೋಗು ಎಂದರು. ಅವರ ಬಾಯಿ ಬಿಡಿಸಲು ನನಗೆ ಎರಡು ಲೋಟ ಚಹಾ ಬೇಕಾಯಿತು. ಒಂದು ತಿಂಗಳಿಂದ ನಮ್ಮ ಹಾಲಿನ ಫ್ಯಾಟು ಇಳಿಯುತ್ತಿತ್ತಂತೆ. ಆ ದಿನ ಸಾಲಿನಲ್ಲಿದ್ದ ನೆರೆಮನೆಯ ಸಂಜೀವಣ್ಣ ಎಲ್ಲರೆದುರು, "ಈ ವರ್ಷ ಹೊಳೆಯಲ್ಲಿ ನೀರು ಕಡಿಮೆ ಯಾಕೆ ಅಂತ ಈಗ ಗೊತ್ತಾಯ್ತು ಮಾರಾಯ್ರೆ" ಅಂದರಂತೆ. ಇಡೀ ಸಾಲು ನಕ್ಕಿತಂತೆ.

ಪಾಪ, ಇವರು ದೋಸೆ ಹಿಟ್ಟಿಗೆ ನೀರು ಹಾಕುವಾಗಲೂ ನನ್ನನ್ನು ಕೇಳುವ ಮನುಷ್ಯ. ನೋಡಿಯೇ ಬಿಡುತ್ತೇನೆ ಎಂದು ಹೊರಟೆ. ಮೊದಲು ಸಂಶಯಪಟ್ಟದ್ದು ಸೊಸೈಟಿಯ ಫ್ಯಾಟು ನೋಡುವ ಮಿಷನ್ನಿನ ಮೇಲೆ. ಬೇರೆಯವರ ಹಾಲಿಗೆ ಅದು ಸರಿಯಾಗಿಯೇ ಇತ್ತು. ಆಮೇಲೆ ಸಂಜೀವಣ್ಣನ ಮೇಲೆ. ನಾಲ್ಕು ದಿನ ಅವರ ಕೈಯನ್ನೇ ನೋಡುತ್ತಾ ನಿಂತೆ. ಐದನೇ ದಿನ ಅವರು ನನ್ನನ್ನು ಕಂಡು ಕೈ ಕಟ್ಟಿಕೊಂಡು ನಿಂತರು. ಕೊಟ್ಟಿಗೆಯಲ್ಲೂ ಕಾವಲು ಕೂತೆ. ಇವರು ಹಿಂಡಿದ ಹಾಲು ನೇರ ಕ್ಯಾನಿಗೆ ಹೋಗುತ್ತಿತ್ತು; ಕೊನೆಯಲ್ಲಿ ಹಿಂಡಿದ ಒಂದು ಚೊಂಬು ಮಾತ್ರ ಮನೆಗೆ. ಅಡುಗೆಮನೆಯ ಕೆಲಸ ಮುಗಿಸಿ ನಾನು ಚೊಂಬು ಹಿಡಿದು ಹೋಗುವ ಹೊತ್ತಿಗೆ ಸಿಗುವುದು ಅದೇ. ಮೊದಲೆಲ್ಲ ತುಂಬಿದ ಕ್ಯಾನಿನಿಂದಲೇ ಮನೆಗೆ ತೆಗೆಯುತ್ತಿದ್ದೆವು; ಒಂದು ತಿಂಗಳಿಂದ ಮಾತ್ರ ಹೀಗೆ ನಡೆಯುತ್ತಿತ್ತು. ನೀರಿನ ಸುಳಿವೇ ಇಲ್ಲ.

ಕೊನೆಗೆ ಒಂದು ಬೆಳಿಗ್ಗೆ ಕ್ಯಾನಿನ ಜೊತೆ ಮನೆಯ ಚೊಂಬನ್ನೂ ಹಿಡಿದು ಸೊಸೈಟಿಗೆ ಹೋದೆ. ಕಾರ್ಯದರ್ಶಿ ಪದ್ಮಣ್ಣನ ಹತ್ತಿರ ಕ್ಯಾನಿನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಲು ಹೇಳಿದೆ. ಅದು ನಿಲ್ಲಬೇಕಾದಲ್ಲೇ ನಿಂತಿತು. ನೀರು ಬೆರೆತಿದ್ದರೆ ಅದು ಇನ್ನೂ ಕೆಳಗಿಳಿಯಬೇಕಿತ್ತು ಎಂದು ಸಾಲಿನವರಿಗೆ ಸಣ್ಣ ಪಾಠವನ್ನೇ ಮಾಡಿದೆ. ಸಂಜೀವಣ್ಣ ತಲೆ ಕೆರೆದುಕೊಂಡರು.

"ಹಾಗಾದ್ರೆ ಫ್ಯಾಟು ಎಲ್ಲಿಗೆ ಹೋದದ್ದು ಅಕ್ಕ?"

ನಾನು ಜಂಬದಿಂದ ಚೊಂಬು ಮುಂದಿಟ್ಟೆ. ಅದೇ ದನದ, ಅದೇ ಹೊತ್ತಿನ, ನಾವು ಕುಡಿಯುವ ಹಾಲು, ಇದನ್ನೂ ನೋಡಿ ಎಂದೆ. ಪದ್ಮಣ್ಣ ಮಿಷನ್ನಿಗೆ ಹಾಕಿದರು, ಇನ್ನೊಮ್ಮೆ ಹಾಕಿದರು. ಫ್ಯಾಟು ಕ್ಯಾನಿನದ್ದಕ್ಕಿಂತ ಎರಡು ಪಟ್ಟು!

"ಅಕ್ಕ, ಇದು ಕಡೆಗೆ ಹಿಂಡಿದ್ದಾ?" ಎಂದು ಪದ್ಮಣ್ಣ ಮೆಲ್ಲಗೆ ಕೇಳಿದರು. "ದನ ಬೆಣ್ಣೆ ಬಿಡುದು ಕಡೆಗೇ ಅಲ್ವಾ. ಅದನ್ನು ನೀವಿಟ್ಟುಕೊಂಡ್ರೆ ನಮಗೆ ಬರುದು ತೆಳುವೇ."

ಒಂದು ತಿಂಗಳಿಂದ ನನ್ನ ಚಹಾ ಅಷ್ಟು ರುಚಿಯಾಗಿದ್ದದ್ದು ನನ್ನ ಕೈಗುಣ ಎಂದುಕೊಂಡಿದ್ದೆ. ಸಾಲು ನನ್ನನ್ನೇ ನೋಡುತ್ತಿತ್ತು. ಸುಮ್ಮನೆ ಬಂದುಬಿಡಬಹುದಿತ್ತು, ಆದರೆ ಹಾಗೆ ಬಂದರೆ ಇವರಿಗೆ ಬಂದ ಕೆಟ್ಟ ಹೆಸರು ಅಲ್ಲೇ ಉಳಿಯುತ್ತಿತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಇವರು ನೀರು ಹಾಕಿದ್ದಲ್ಲ. ಗಟ್ಟಿ ಹಾಲು ತೆಗೆದಿಟ್ಟದ್ದು ನಾನು." ಈ ಸಲ ಯಾರೂ ನಗಲಿಲ್ಲ. ಸಂಜೀವಣ್ಣ ಮಾತ್ರ, ನಾಳೆ ಅಣ್ಣನನ್ನೇ ಕಳಿಸಿ, ಅವರಿಲ್ಲದೆ ಇಲ್ಲಿ ಮಾತಿಗೆ ಜನ ಇಲ್ಲ ಎಂದರು.

ಮನೆಗೆ ಬಂದು ಎಲ್ಲ ಹೇಳಿದೆ. ಇವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

"ನಿಮಗೆ ಮೊದಲೇ ಗೊತ್ತುಂಟಾ?"

"ದನ ಕಟ್ಟಿದವರಿಗೆಲ್ಲ ಗೊತ್ತುಂಟು."

"ಮತ್ತೆ ಎಂತಕ್ಕೆ ಹೇಳಿಲ್ಲ?"

"ನಿನಗೆ ಆ ಚಹಾ ಅಷ್ಟು ಖುಷಿ," ಎಂದರು. ಗೋಡೆಯ ಕಡೆ ನೋಡಿ, "ಮತ್ತೆ ನೀನು ಬಿ.ಎಸ್ಸಿ. ಅಲ್ವಾ. ಗೊತ್ತಿದ್ದೇ ಮಾಡುದು ಅಂತ ಗ್ರಹಿಸಿದೆ."

ಈಗ ಹಾಲನ್ನೆಲ್ಲ ಒಟ್ಟು ಮಾಡಿದ ಮೇಲೆಯೇ ಚೊಂಬಿಗೆ. ಇವರು ಪಟ್ಟಾಂಗ ಮುಗಿಸಿ ಬರುವವರೆಗೆ ನಾನು ಸರ್ಟಿಫಿಕೇಟಿಗೆ ಬೆನ್ನು ಹಾಕಿ ಕೂತು ತೆಳು ಚಹಾ ಕುಡಿಯುತ್ತೇನೆ.