ವಂದನಾರ್ಪಣೆಗೆ ಮುಂಚೆ ನುಂಗಿದ ಒಂದೂವರೆ ಮಾತ್ರೆ

ಸಿಂಚನಾ, ತೇಜು, ನಿಮ್ಮಜ್ಜಿ ಮಾತಾಡುವವಳಲ್ಲ ಎಂಬುದು ನಿಮಗೆ ಗೊತ್ತು. ಬಸ್ಸು ನಮ್ಮೂರಿನ ನಿಲ್ದಾಣ ದಾಟಿ ಹೊರಟರೂ ‘ನಿಲ್ಲಿಸಿ’ ಎನ್ನಲಾರದೆ, ದೇವನೂರಿನಲ್ಲಿ ಇಳಿದು, ಅಲ್ಲೇ ಏನೋ ಕೆಲಸವಿದ್ದವಳಂತೆ ಒಂದು ಸುತ್ತು ಹಾಕಿ ನಡೆದು ವಾಪಸು ಬಂದವಳು ನಾನು. ಸೋಮನಾಥಪುರದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಆ ಏಳು ವರ್ಷ ಮೇಷ್ಟ್ರು ನನ್ನ ದನಿ ಕೇಳಿದ್ದು ಹಾಜರಿ ಕೂಗುವಾಗ ಮಾತ್ರ. ಅದರಲ್ಲೂ ಎಷ್ಟೋ ದಿನ ಪಕ್ಕದಲ್ಲಿ ಕೂತವಳೇ ನನ್ನ ಪರವಾಗಿ ಕೂಗಿಬಿಡುತ್ತಿದ್ದಳು. ನಿಮ್ಮ ತಾತ ಇದ್ದಷ್ಟು ದಿನ ನನ್ನ ಪಾಲಿನ ಮಾತನ್ನೂ ಅವರೇ ಆಡಿದರು. ಅವರು ಹೋದ ಮೇಲೆ ನನ್ನ ಪಾಲು ಹಾಗೇ ಉಳಿದುಕೊಂಡಿತು. ಬರೆಯುವುದಾದರೆ ನನಗೆ ಸಲೀಸು. ಕಾಗದ ನನ್ನ ಮುಖ ನೋಡುವುದಿಲ್ಲ.

ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಂಘದ ಆಡಳಿತ ಮಂಡಳಿಗೆ ನನ್ನನ್ನು ಆರಿಸಿದ್ದೇ ಈ ಗುಣ ನೋಡಿ. ‘ಪುಟ್ಟತಾಯಮ್ಮ ಆದ್ರೆ ತಕರಾರು ಇಲ್ಲ’ ಎಂದರಂತೆ. ಸಂಘದ ಅಧ್ಯಕ್ಷೆ ಸುಂದ್ರಮ್ಮ. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವುದು ಅವಳ ಗಂಡ ಮಾದೇಗೌಡರು. ಸುಂದ್ರಮ್ಮ ಪಕ್ಕದಲ್ಲಿ ನಿಂತು, ಅವರು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತಾಳೆ. ಉಳಿದ ಸದಸ್ಯೆಯರ ಗಂಡಂದಿರೂ ಬರುತ್ತಾರೆ. ಹೆಂಗಸರ ಸಭೆಯಲ್ಲಿ ಹೆಂಗಸರಿಗೆ ಜಾಗ ಸಾಲದೆ ನಾವು ಬಾಗಿಲ ಹೊರಗೆ ಕೂತು ಅವರೆಕಾಯಿಯ ರೇಟು ಮಾತಾಡಿಕೊಂಡು ಎದ್ದು ಬರುತ್ತೇವೆ. ಯಾರಿಗೂ ಇದು ವಿಚಿತ್ರ ಎನಿಸಿರಲಿಲ್ಲ. ನನಗೆ ಎನಿಸಿತ್ತು. ಆದರೆ ನನಗೆ ಎನಿಸುವುದು ಯಾರಿಗೆ ಗೊತ್ತಾಗಬೇಕು?

ಈ ಸಲದ ವಾರ್ಷಿಕ ಸಭೆಯಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂತು. ಐದು ಸಾಲು. ಮೂರು ದಿನ ಹಸುವಿನ ಮುಂದೆ ನಿಂತು ಒಪ್ಪಿಸಿದೆ. ಹಸುವಿಗೆ ಬಾಯಿಪಾಠ ಬಂದಿರಬೇಕು, ನನಗೆ ಬರಲಿಲ್ಲ. ಸಭೆಯ ದಿನ ಎದೆ ಡವಗುಟ್ಟುವುದನ್ನು ಗೋಡೆಯಾಚೆಯಿಂದಲೇ ಕಂಡುಕೊಂಡವಳು ಪಕ್ಕದ ಮನೆಯ ನಾಗಮ್ಮ. ನಮ್ಮ ಕೇರಿಯಲ್ಲಿ ಮಾತ್ರೆಗಳು ಮಜ್ಜಿಗೆಯ ಹೆಪ್ಪಿನ ಹಾಗೆ ಗೋಡೆ ದಾಟುತ್ತವೆ. ಯಾರಿಗೆ ಯಾವ ಡಾಕ್ಟರು ಏನು ಕೊಟ್ಟರೂ ಅದು ಇಡೀ ಸಾಲುಮನೆಯ ಆಸ್ತಿ. ಮಂಡಿನೋವಿನ ಮಾತ್ರೆ ನನ್ನಿಂದ ಆಚೆಗೆ, ಹೊಟ್ಟೆಯುರಿಯ ಮಾತ್ರೆ ಆಚೆಯಿಂದ ಈಚೆಗೆ. ನಾಗಮ್ಮನಿಗೆ ನಂಜನಗೂಡಿನ ಡಾಕ್ಟರು ನಿದ್ದೆಗೆಂದು ಸಣ್ಣ ಮಾತ್ರೆ ಬರೆದುಕೊಟ್ಟಿದ್ದರು.

“ಇದ್ನ ಆಕ್ಕಳಕ್ಕ, ಎದೆ ಅನ್ನೋದು ಕೊಳ ಆಯ್ತದೆ” ಎಂದಳು.

ನುಂಗಿದೆ. ಹತ್ತು ನಿಮಿಷವಾದರೂ ಎದೆ ಕೊಳವಾಗಲಿಲ್ಲ. ಇನ್ನರ್ಧ ನುಂಗಿದೆ. ಅದಕ್ಕೆ ಮೊದಲೇ, ಗಂಟಲು ಸರಿಯಿರಲೆಂದು ಕೆಮ್ಮಿನ ಸಿರಪ್ಪು ಎರಡು ಮುಚ್ಚಳ ಕುಡಿದಿದ್ದೆ. ಆಮೇಲೆ ಪಂಚಾಯಿತಿ ಕಟ್ಟಡದ ಮೆಟ್ಟಿಲು ಹತ್ತಿದ್ದು ನೆನಪಿದೆ. ಮೈಕಿನ ತಲೆಗೆ ಕಟ್ಟಿದ್ದ ಕೆಂಪು ಬಟ್ಟೆ ನೆನಪಿದೆ. ಅದರ ನಂತರ ನೆನಪಿರುವುದು ಮಾರನೆಯ ಬೆಳಗ್ಗೆ ನನ್ನ ಹಾಸಿಗೆಯ ಮೇಲೆ ಬಿಸಿಲು ಬಿದ್ದಿದ್ದು.

ವಂದನಾರ್ಪಣೆ ಮುಗಿಯಿತಲ್ಲ ಎಂಬ ನೆಮ್ಮದಿಯಲ್ಲಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋದರೆ, ಸಾಲಿನಲ್ಲಿದ್ದ ಹೆಂಗಸರು ನನಗೆ ದಾರಿ ಬಿಟ್ಟರು. ಹಾಲಿನ ಟೆಸ್ಟ್ ಮಾಡುವ ರಾಜಿ ಎದ್ದು ನಿಂತಳು. “ಕೂತ್ಕೊಳ್ಳವ್ವಾ” ಎಂದೆ. “ಇಲ್ಲ ಬುಡಿ ದೊಡ್ಡವ್ವ” ಎಂದು ನಿಂತೇ ಇದ್ದಳು. ನಾನೇನು ಹೇಳಿದೆ ಎಂದು ಯಾರನ್ನು ಕೇಳುವುದು? ನನ್ನ ಭಾಷಣವನ್ನು ನಾನೇ ಕೇಳಿಲ್ಲ ಎಂದು ಹೇಳಿಕೊಳ್ಳುವುದು ಹೇಗೆ? ತಲೆಯಾಡಿಸುತ್ತಾ, ನಗುತ್ತಾ, ಒಬ್ಬೊಬ್ಬರ ಬಾಯಿಂದ ಒಂದೊಂದು ತುಣುಕು ಹೆಕ್ಕಿದೆ. ‘ಹೆಂಗಸರ ಸಂಘದ ಬಾಗಿಲಲ್ಲಿ ಇಷ್ಟೊಂದು ಗಂಡಸರ ಚಪ್ಪಲಿ ಯಾಕೆ ಬಿದ್ದವೆ?’ ಎಂದು ಶುರುಮಾಡಿದೆನಂತೆ. ಸುಂದ್ರಮ್ಮನ ಕೈಹಿಡಿದು ತಂದು, ಮಾದೇಗೌಡರನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ಕೂರಿಸಿದೆನಂತೆ. ಕೊನೆಗೆ, ‘ಬರೋ ತಿಂಗಳು ಅಧ್ಯಕ್ಷೆ ಆಯ್ಕೆಗೆ ನಾನೇ ನಿಲ್ತೀನಿ, ನಂಗೆ ಗಂಡ ಇಲ್ಲ, ಕುರ್ಚಿ ಮೇಲೆ ನಾನೇ ಕೂರ್ಬೇಕಾಯ್ತದೆ’ ಎಂದು ಹೇಳಿ, ಮುಖ್ಯ ಅತಿಥಿಗಳ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದೆನಂತೆ. ಯಾರಿಗೂ ವಂದನೆ ಹೇಳಿರಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಸಿಂಚನಾ, ನಿನಗೆ ಫೋನು ಮಾಡಿದೆ. ಫಾರ್ಮಸಿ ಓದುವ ಮೊಮ್ಮಗಳಿರುವುದು ಇಂಥ ದಿನಕ್ಕಲ್ಲವೇ? ನೀನು ಮೊದಲು ಚೆನ್ನಾಗಿ ಬೈದೆ. ಇನ್ನೊಬ್ಬರ ಮಾತ್ರೆ, ಅದರ ಜೊತೆಗೆ ಮಂಪರು ತರುವ ಸಿರಪ್ಪು, ಉಸಿರೇ ನಿಧಾನವಾಗಿ ಏನಾದರೂ ಆಗಿದ್ದರೆ ಎಂದೆ. ನೀನು ಅಳುತ್ತಿದ್ದೆ ಅಂತ ಕಾಣುತ್ತದೆ. ಆಮೇಲೆ ಕಾಲುವೆ ನೀರಿನ ಗದ್ದೆಗಳ ನಡುವೆ ಬೆಳೆದ ನನಗೆ ಅರ್ಥವಾಗುವ ಹಾಗೆ ಹೇಳಿದೆ. ಮಿದುಳಿನ ಒಂದೊಂದು ಕಣಕ್ಕೂ ಸಣ್ಣ ಸಣ್ಣ ತೂಬುಗಳಿವೆ. ಗಾಬಾ ಎನ್ನುವ ಒಂದು ರಸ ಅಲ್ಲಿ ಗದ್ದೆಗಳಿಗೆ ನೀರು ಬಿಡುವ ನೀರಗಂಟಿಯ ಹಾಗೆ. ಅದು ಬಂದು ತೂಬು ತೆಗೆದರೆ ಉಪ್ಪಿನ ಅಂಶ ಒಳಗೆ ಹರಿದು, ಕಾದ ಕಣ ತಣ್ಣಗಾಗುತ್ತದೆ. ನಾಗಮ್ಮನ ಮಾತ್ರೆ ತಾನಾಗಿ ತೂಬು ತೆಗೆಯುವುದಿಲ್ಲ. ನೀರಗಂಟಿಯ ಪಕ್ಕ ನಿಂತು, ಅವನು ಒಂದು ಸಲ ತೆಗೆಯುವ ಕಡೆ ಹತ್ತು ಸಲ ತೆಗೆಸುತ್ತದೆ. ಹೆಂಡವೂ ಹೆಚ್ಚುಕಡಿಮೆ ಇದೇ ತೂಬಿನ ಹತ್ತಿರ ಬಂದು ನಿಲ್ಲುವುದಂತೆ. ಅದಕ್ಕೇ ಎರಡೂ ಸೇರಬಾರದು. ಇಲಿಗೂ, ಹಸುವಿಗೂ, ಹಾಲೂಡಿಸುವ ಯಾವ ಪ್ರಾಣಿಗಾದರೂ ಇದೇ ಏರ್ಪಾಡು. “ಹಾಗಾದ್ರೆ ಹಸುಗೂ ಕೊಟ್ಟಿದ್ರೆ ಅದೂ ಭಾಷಣ ಮಾಡ್ತಿತ್ತಾ?” ಎಂದು ಕೇಳಿದೆ ನಾನು. ನೀನು ನಗಲಿಲ್ಲ.

“ತಣ್ಣಗಾಗೋದು ಅಂದ್ಮೇಲೆ ನಾನು ಸುಮ್ಮನೆ ಕೂರಬೇಕಿತ್ತಲ್ಲವಾ ಕಂದ? ಇದು ಉಲ್ಟಾ ಆಯ್ತಲ್ಲ?”

“ಬಾಯಿಗೆ ಕಾವಲು ಕೂತಿರೋ ಭಾಗಾನೂ ತಣ್ಣಗಾಗತ್ತೆ ಅಜ್ಜಿ. ಒಬ್ಬೊಬ್ರಿಗೆ ಅದೇ ಮೊದಲು ಮಲಗಿಬಿಡತ್ತೆ. ನೆನಪು ಬರ್ಕೊಳ್ಳೋ ಭಾಗಾನೂ ಅಷ್ಟೆ, ಅದಕ್ಕೇ ನಿಂಗೇನೂ ಗೊತ್ತಿಲ್ಲ. ಆದ್ರೆ ಮಾತ್ರೆಗೆ ಚಪ್ಪಲಿ ವಿಷಯ ಗೊತ್ತಿರಲ್ಲ. ಅದು ನಿಂದೇ.”

ಈ ಕೊನೆಯ ಮಾತು ನನ್ನನ್ನು ಎರಡು ದಿನ ಊಟ ಮಾಡಗೊಡಲಿಲ್ಲ. ಅರವತ್ತೆಂಟು ವರ್ಷ ನಾನು ಸಾಧು ಎಂದುಕೊಂಡಿದ್ದೆ. ನೋಡಿದರೆ ಸಾಧುವಾಗಿದ್ದದ್ದು ನನ್ನ ಕಾವಲುಗಾರ! ನಾಗಮ್ಮನನ್ನೂ ನಿನ್ನ ಮಾತಿನಂತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಾನೇ ಥಟ್ಟನೆ ಬಿಡಬಾರದು, ಮಿದುಳು ಅದಕ್ಕೆ ಒಗ್ಗಿರುತ್ತದೆ ಎಂದು ಅವರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಿದ್ದಾರೆ. ನಾಗಮ್ಮನಿಗೆ ನಿದ್ದೆ ಕಡಿಮೆಯಾಯಿತು, ಮಾತು ಜಾಸ್ತಿಯಾಯಿತು. ಜಾಸ್ತಿಯಾದ ಮಾತು ನೇರ ಮಾದೇಗೌಡರ ಕಿವಿಗೆ ಹೋಯಿತು.

ಆಯ್ಕೆಗೆ ನಾಲ್ಕು ದಿನ ಇರುವಾಗ ಅವರು ಜಗಲಿಗೆ ಬಂದರು. ಹಿಂದೆ ಸುಂದ್ರಮ್ಮ, ಯಾವತ್ತಿನಂತೆ ನಿಂತೇ. ಎದುರು ಬೀದಿಯಲ್ಲಿ ನಾಲ್ಕಾರು ಜನ.

“ಅತ್ಗೆ, ಅವತ್ತು ನೀವು ಮಾತ್ರೆ ನುಂಗ್ಬುಟ್ಟಿದ್ರಂತೆ. ನಾಗಮ್ಮ ಏಳುದ್ಲು. ಬುಡಿ, ಮಾತ್ರೆ ಆಡ್ಸುದ್ ಮಾತ ಯಾರ್ ಮನ್ಸಿಗ್ ಆಕ್ಕತಾರೆ? ‘ಉಸಾರಿರ್ನಿಲ್ಲ, ನಾನ್ ನಿಲ್ಲಕಿಲ್ಲ’ ಅಂತ ಒಂದ್ ಮಾತ್ ಅಂದ್ಬುಡಿ. ನಿಮ್ಗೂ ಮರ್ವಾದೆ, ನಮ್ಗೂ ಮರ್ವಾದೆ.”

ದೇವರಾಣೆ ಹೇಳುತ್ತೇನೆ ಮಕ್ಕಳೇ, ಮೂರು ವಾರದಿಂದ ನಾನು ಕಾಯುತ್ತಿದ್ದದ್ದೇ ಇಂಥ ಒಂದು ಬಾಗಿಲಿಗೆ. ಹೂಂ ಎಂದರೆ ಮುಗಿಯಿತು, ಮತ್ತೆ ಹಸು, ಕೊಟ್ಟಿಗೆ, ನೆಮ್ಮದಿ. ಹೂಂ ಎನ್ನಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಸುಂದ್ರಮ್ಮನ ಮುಖ ಕಂಡಿತು. ಬಸ್ಸು ತನ್ನ ಊರು ದಾಟಿ ಹೋಗುತ್ತಿದ್ದರೂ ಕೂತಿರುವವಳ ಮುಖ ಅದು. ನನಗೆ ಚೆನ್ನಾಗಿ ಗೊತ್ತಿರುವ ಮುಖ.

“ಯಾವ ಮಾತ್ರೆ ಗೌಡ್ರೆ?” ಎಂದೆ. “ನಾಗಮ್ಮ ತಿನ್ನೋದು ನಿದ್ದೆ ಮಾತ್ರೆ. ನಿದ್ದೆ ಮಾತ್ರೆ ತಿಂದೋರು ಯಾರಾದ್ರೂ ಎದ್ನಿಂತು ಭಾಷಣ ಮಾಡ್ತಾರಾ?”

ಮಾದೇಗೌಡರು ಯೋಚಿಸಿದರು. ಬೀದಿಯವರೂ ಯೋಚಿಸಿದರು. “ಅದೂ ದಿಟವೇ ಅನ್ನಿ” ಎಂದು ಎದ್ದು ಹೋದರು. ಆಯ್ಕೆಯ ದಿನ ನನ್ನ ಪರವಾಗಿ ಮೊದಲು ಮೇಲೆದ್ದ ಕೈ ಸುಂದ್ರಮ್ಮನದು. ಗಂಡ ಬೆರಳಿಟ್ಟು ತೋರಿಸದೆ ಅವಳು ಸಂಘದಲ್ಲಿ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಈಗ ಆ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ಸಭೆಗೆ ಮುಂಚೆ ಎದೆ ಈಗಲೂ ಡವಗುಟ್ಟುತ್ತದೆ; ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತೇನೆ. ಊರಿನ ಮುಂದೆ ಧೈರ್ಯವಾಗಿ ನಿಂತು ನಾನು ಎಚ್ಚರದಲ್ಲಿ ಹೇಳಿದ ಮೊದಲ ಮಾತು ಶುದ್ಧ ಸುಳ್ಳು, ನಿದ್ದೆಗಣ್ಣಿನಲ್ಲಿ ಹೇಳಿದ್ದೆಲ್ಲ ನಿಜ. ಯಾವುದಕ್ಕೆ ನಾಚಿಕೊಳ್ಳಬೇಕೋ ಇನ್ನೂ ತಿಳಿದಿಲ್ಲ. ನನ್ನ ಮಿದುಳು ಬರೆದುಕೊಳ್ಳದೆ ಬಿಟ್ಟ ಆ ಒಂದು ಗಂಟೆಗೆ ಈ ಹಾಳೆಗಳೇ ದಾಖಲೆ, ಜೋಪಾನವಾಗಿಡಿ. ಮುಖ್ಯವಾಗಿ ನನ್ನ ಅಧ್ಯಕ್ಷಗಿರಿಯ ಐದು ವರ್ಷ ಮುಗಿಯುವವರೆಗೆ ಇವನ್ನು ಈ ಮನೆಗೆ ತರಬೇಡಿ, ನಾಗಮ್ಮನ ಕಣ್ಣಿಗೆ ಬೀಳಬಾರದು. ಅವಳು ಹೆಪ್ಪು ಕೇಳಿಕೊಂಡು ದಿನಾ ಒಳಗೆ ಬರುತ್ತಾಳೆ.