ಮೊಣಕಾಲುದ್ದದ ನೆಲ್ಲಿಯ ನೆರಳು

ಎಂಬತ್ತೆರಡರ ಕಾರ್ತಿಕದಲ್ಲಿ ಅಡಿಲೇಡಿನ ಸಮಸ್ತ ಕನ್ನಡ ಕುಲಕ್ಕೂ ನೆಲ್ಲಿಯ ನೆರಳಲ್ಲಿ ವನಭೋಜನ ಮಾಡಿಸಿಯೇ ತೀರುತ್ತೇನೆಂದು ನಾನು ಘೋಷಿಸಿದೆ. ಸಮಸ್ತ ಕುಲವೆಂದರೆ ಕೈಬೆರಳೆಣಿಕೆಗೆ ಸಿಗುವಷ್ಟು ಡಾಕ್ಟರ ಸಂಸಾರಗಳು!

ಇದಕ್ಕೆಲ್ಲ ಕಾರಣ ವಿಶಾಲಾಕ್ಷಿ ಆಂಟಿ. ನನ್ನ ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ಬರಲಾಗದಿದ್ದಾಗ ಮಗುವಿಗೆ ಎಣ್ಣೆ ನೀರು ಹಾಕಿದವರು ಅವರೇ. ಈ ದೇಶಕ್ಕೆ ಬಂದಮೇಲೆ ಕಾರ್ತಿಕದಲ್ಲಿ ಒಮ್ಮೆಯೂ ನೆಲ್ಲಿಯ ಕೆಳಗೆ ಕೂತು ಉಣ್ಣಲಿಲ್ಲವಲ್ಲ ಎಂಬುದೊಂದೇ ಅವರ ಕೊರಗು. ಅದನ್ನು ನೀಗಿಸುವವಳು ನಾನೇ!

ಆದರೆ ಇಲ್ಲಿ ನೆಲ್ಲಿಮರ ಎಲ್ಲಿಂದ ಬರಬೇಕು? ಗುಡ್ಡದ ಮೇಲಿನ ನರ್ಸರಿಯಲ್ಲಿ ಕಾಡು ಗೂಸ್‌ಬೆರಿಯ ಗಿಡವೊಂದು ಸಿಕ್ಕಿತು. ನೆಲ್ಲಿಗೂ ಇಂಗ್ಲಿಷಿನಲ್ಲಿ ಗೂಸ್‌ಬೆರಿಯೆಂದೇ ಹೆಸರಲ್ಲವೇ! ಇದು ಹಿಮಾಲಯದ ಎತ್ತರದ್ದು, ಚಳಿಯಲ್ಲಿ ಸುಖವಾಗಿರುತ್ತದೆ, ಕೆಳಗಿನ ಸೆಕೆಗೆ ಒಯ್ಯಬೇಡಿ ಎಂದ ನರ್ಸರಿಯವನು. ನನ್ನ ಕಿವಿಗೆ ಬಿದ್ದದ್ದು ಹಿಮಾಲಯವೊಂದೇ. ಸಾಕ್ಷಾತ್ ಕೈಲಾಸದ ನೆರೆಮನೆಯವನು!

ನನ್ನ ಯಜಮಾನರು, ಡಾಕ್ಟರ್ ಉಮಾಕಾಂತ, ಕುಂಡವನ್ನು ಕಾರಿನಿಂದ ಇಳಿಸುತ್ತಲೇ ಮುಳ್ಳು ಚುಚ್ಚಿಸಿಕೊಂಡರು.

"ಇದು ನಮ್ಮ ನೆಲ್ಲಿ ಅಲ್ವಲ್ಲೇ."

"ದೂರದ ನೆಂಟ ಅಂದ್ಕೊಳ್ಳಿ."

"ನನ್ನ ಮೊಣಕಾಲಿಗೆ ಬರುತ್ತೆ ಅಷ್ಟೆ. ಇದರ ನೆರಳಲ್ಲಿ ಊಟಕ್ಕೆ ಇರುವೆಗಳನ್ನ ಕರೆಯೋಣ."

ಆಂಟಿಗೇ ಫೋನ್ ಮಾಡಿದೆ. ಕಾಯಿ ಹುಳಿಯೇ ಎಂದು ವಿಚಾರಿಸಿದರು. ಹೌದೆಂದೆ. ಹಾಗಾದರೆ ನೆಲ್ಲಿಯೇ ಸರಿ ಎಂದು ತೀರ್ಪು ಕೊಟ್ಟರು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಆಗ ನನಗೆ ಮುಳ್ಳಿನ ಚಿಂತೆ ಹತ್ತಿತು. ಪುಟ್ಟ ಮಗಳು ಇಂದಿರಾ ಓಡಿಬಂದು ಬಿದ್ದರೆ? ಕಣ್ಣಿಗೇ ಚುಚ್ಚಿದರೆ? ಇವರ ಬ್ಯಾಗಿನಿಂದ ಹತ್ತಿ, ಪ್ಲಾಸ್ಟರ್ ತೆಗೆದು ಒಂದೊಂದು ಮುಳ್ಳಿಗೂ ಟೋಪಿ ತೊಡಿಸಿದೆ. ಪೇಷಂಟನ್ನು ಯಾವ ವಾರ್ಡಿಗೆ ಸೇರಿಸಲಿ ಎಂದು ಇವರು ಗಂಭೀರವಾಗಿ ಕೇಳಿದರು.

ಇಲ್ಲಿ ಕಾರ್ತಿಕವೆಂದರೆ ಬೇಸಿಗೆ; ಭಾನುವಾರ ಪ್ರಾಸ್ಪೆಕ್ಟ್ ಬಡಾವಣೆಯ ನಮ್ಮ ಹಿತ್ತಿಲು ಕಾದ ಕಾವಲಿಯಾಗಿತ್ತು. ಆಂಟಿ ರೇಷ್ಮೆಸೀರೆ ಉಟ್ಟು ಬಂದರು. ಅವರು ಕೂರುವ ಮೊದಲೇ ಗಿಡ ಕೂತುಬಿಟ್ಟಿತು, ಎಲೆಗಳೆಲ್ಲ ಜೋಲುಬಿದ್ದವು. ನೆರಳು ಕೊಡಬೇಕಾದ ನೆಲ್ಲಿಗೆ ನಾನೇ ಕೊಡೆ ಹಿಡಿದು ನಿಂತೆ. ಡಾಕ್ಟರುಗಳೆಲ್ಲ ಸುತ್ತುವರಿದರು. ಆಂಟಿಯ ಯಜಮಾನರು ರಾಜಗೋಪಾಲ ಅಂಕಲ್ ಎಲೆ ಹಿಡಿದು ನಾಡಿ ನೋಡಿ, ಗ್ಲೂಕೋಸ್ ನೀರು ಕೊಡಿ ಎಂದರು. ಅರಿವಳಿಕೆ ಕೊಡುವ ಡಾಕ್ಟರ್ ಪಂಚಾಕ್ಷರಿ, ಮಲಗಿದೆ, ಎಬ್ಬಿಸಬೇಡಿ ಎಂದರು.

ಮನೆಯಲ್ಲಿ ಕೂಲರ್ ಇದ್ದದ್ದು ಮಗುವಿನ ಕೋಣೆಯಲ್ಲಿ ಮಾತ್ರ. ಗಿಡವನ್ನು ಅಲ್ಲಿಗೆ ಸಾಗಿಸಿದೆವು. ಗಿಡದ ಹಿಂದೆ ನಾನು ಮಾಡಿದ್ದ ಬಿಸಿಬೇಳೆಬಾತಿನ ಪಾತ್ರೆ, ಪಾತ್ರೆಯ ಹಿಂದೆ ಸಮಸ್ತ ಕುಲ. ವನವೇ ಮಲಗುವ ಕೋಣೆಗೆ ವಲಸೆ ಬಂತು! ಯಾರ ಮೊಣಕೈ ಯಾರ ತಟ್ಟೆಯಲ್ಲಿದೆಯೋ ತಿಳಿಯದು. ತಂಪು ಹತ್ತಿ ಎಲೆಗಳೇನೋ ಮೆಲ್ಲಗೆ ತಲೆಯೆತ್ತಿದವು. ಆದರೆ ಆಂಟಿ ಮಗುವಿನ ಮಂಚದ ಪಕ್ಕದಲ್ಲಿ ತಟ್ಟೆ ಹಿಡಿದು ಸುಮ್ಮನೆ ಕೂತಿದ್ದರು, ತುತ್ತೆತ್ತಲಿಲ್ಲ.

"ನೆರಳೆಲ್ಲಿ ಮಗೂ?" ಎಂದು ನನ್ನನ್ನು ಕೇಳಿದರು ಮೆಲ್ಲಗೆ.

ಸೆಕೆಗೆ ಹೆದರಿ ಪರದೆಗಳನ್ನೆಲ್ಲ ಎಳೆದಿದ್ದೆ. ಕೋಣೆಯಲ್ಲಿ ಇದ್ದದ್ದೆಲ್ಲ ನೆರಳೇ. ಅದರಲ್ಲಿ ನೆಲ್ಲಿಯದು ಯಾವುದೆಂದು ಹೇಗೆ ಹೇಳಲಿ? ನನ್ನ ಕಣ್ಣಲ್ಲಿ ನೀರೇ ಬಂತು.

ಆಗ ಇವರು ಮಗುವಿನ ಸ್ಟೂಲ್ ಹತ್ತಿ, ಗಂಟಲು ನೋಡುವ ಟಾರ್ಚನ್ನು ಗಿಡದ ಮೇಲಿಂದ ಹಿಡಿದರು. ಆಂಟಿಯ ಬಿಸಿಬೇಳೆಬಾತಿನ ಮೇಲೆ ಎಲೆಗಳ ನೆರಳು ಬಿತ್ತು. ಹತ್ತಿಯ ಟೋಪಿಗಳ ನೆರಳೂ ಬಿತ್ತು. ಉಳಿದ ಡಾಕ್ಟರುಗಳೂ ಜೇಬಿನಿಂದ ಟಾರ್ಚ್ ತೆಗೆದು ತಂತಮ್ಮ ಹೆಂಡತಿಯರ ತಟ್ಟೆಗೆ ನೆರಳು ಬಡಿಸತೊಡಗಿದರು.

ಆಂಟಿ ಕಣ್ಣುಮುಚ್ಚಿ ಮೊದಲ ತುತ್ತು ಬಾಯಿಗಿಟ್ಟರು. ಮುಚ್ಚಿದ ಕಣ್ಣಿನಿಂದ ಒಂದು ಹನಿ ಜಾರಿತು. ನಾನು ಗೆದ್ದೆ! ಅವರು ಒಂದಗುಳೂ ಬಿಡದೆ ಉಂಡರು. ಕೈ ತೊಳೆದು ಬಂದು ನನ್ನ ಕೆನ್ನೆ ಸವರಿ, ಯಾರಿಗೂ ಕೇಳದಂತೆ ಕಿವಿಯಲ್ಲಿ ಹೇಳಿದರು:

"ನೆರಳು ಬಹಳ ಚೆನ್ನಾಗಿ ಬಿದ್ದಿತ್ತು ಕಣಮ್ಮ. ಉಪ್ಪೇ ಬಿದ್ದಿರಲಿಲ್ಲ."