ದೋಷ ನಾಲ್ಕು, ಘಾಟಿ ಹತ್ತುತ್ತದೆ

ಲಿಂಗಪ್ಪ: ಶಿಫಾರಸು ಅಂದ್ರೆ ಎಂತ ಅಂತ ಗೊತ್ತಾ ಮಾರಾಯ ನಿಂಗೆ?

ಮುಸ್ತಫಾ: ಗೊತ್ತು ರೈಟ್ರೆ. ಈ ನಾಟಕ ಆಡ್ಬೋದು ಅಂತ ಬರ್ದು ಕೊಡೋದು.

ಲಿಂಗಪ್ಪ: ನೀನು ಬರ್ದಿರೋದು ಓದ್ತೀನಿ, ಕೇಳು. "ಬಾಳೂರಿನ ಲಿಂಗಪ್ಪನವರು ಬರೆದ 'ಬೆಳಗಿನ ಹಾಜರಿ' ನಾಟಕವನ್ನು ಪರೀಕ್ಷಿಸಿದ್ದೇನೆ. ದೋಷಗಳು, ಒಟ್ಟು ನಾಲ್ಕು."

ಮುಸ್ತಫಾ: ಅಷ್ಟೇ ಇರೋದು. ಐದನೇದು ಹುಡುಕಿದೆ, ಸಿಗ್ಲಿಲ್ಲ.

ಈ ಮಾತು ನಡೆದದ್ದು ಕಳಸದ ಬಸ್ ಸ್ಟ್ಯಾಂಡಿನ ಹಿಂದೆ, ಗುಲಾಮ್ ಮುಸ್ತಫಾ ಅವರ ಜೀಪ್ ಗ್ಯಾರೇಜಿನಲ್ಲಿ. ಮುಸ್ತಫಾ ಜೀಪಿನ ಬಾನೆಟ್ಟಿನೊಳಗೆ ಅರ್ಧ ಇದ್ದರು. ಲಿಂಗಪ್ಪನವರು ಹಳೇ ಟಯರಿನ ಮೇಲೆ ಕರ್ಚೀಫು ಹಾಸಿಕೊಂಡು ಕೂತಿದ್ದರು. ಕೈಯಲ್ಲಿ ಶಿಫಾರಸು ಪತ್ರದ ಜೆರಾಕ್ಸು.

ಕಳಸದ ಓದುಗರ ಬಳಗ ತನ್ನ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಒಂದು ಕಿರುನಾಟಕ ಆಡಿಸುತ್ತದೆ. ಹೋದ ವರ್ಷ ಹಾರ್ಡ್‌ವೇರ್ ಅಂಗಡಿಯ ರೇಣುಕಪ್ರಸಾದರು ತಮ್ಮ ನಾಟಕವನ್ನು ತಾವೇ ಸೂಚಿಸಿ, ತಾವೇ ಅನುಮೋದಿಸಿ, ಎರಡೂವರೆ ಗಂಟೆ ಆಡಿಸಿದರು. ಪಕ್ಕದ ಊರು ಸಂಸೆಯಿಂದ ಬಂದವರಿಗೆ ಕೊನೆ ಬಸ್ಸು ತಪ್ಪಿತು. ಆಮೇಲೆ ಬಳಗ ಒಂದು ನಿಯಮ ಮಾಡಿತು. ಯಾರೂ ತಮ್ಮ ನಾಟಕವನ್ನು ತಾವೇ ತರುವಂತಿಲ್ಲ, ಇನ್ನೊಬ್ಬ ನಾಟಕಕಾರ ಶಿಫಾರಸು ಬರೆದುಕೊಡಬೇಕು. ನಿಯಮ ಒಳ್ಳೆಯದೇ. ಆದರೆ ಆ ಸೀಮೆಯಲ್ಲಿ ನಾಟಕ ಬರೆಯುವವರು ಇದ್ದದ್ದು ಮೂರೇ ಜನ, ಅವರಲ್ಲಿ ಇಬ್ಬರು ಈ ಗ್ಯಾರೇಜಿನಲ್ಲಿದ್ದರು.

ಲಿಂಗಪ್ಪ: "ಒಂದು. ಸ್ಟಾರ್ಟಿಂಗ್ ತಡ. ಮೊದಲ ಎರಡು ಪುಟ ತಳ್ಳಬೇಕು." ನಾಟಕ ಎಂತ ಜೀಪಾ, ತಳ್ಳೋಕೆ?

ಮುಸ್ತಫಾ: ಎರಡು ಪುಟ ಯಾರೂ ಮಾತೇ ಆಡಲ್ಲ. ಬೆಂಕಿ ಕಾಯಿಸ್ತಾ ಕೂತಿರ್ತಾರೆ.

ಲಿಂಗಪ್ಪ: ಬೆಳಿಗ್ಗೆ ಏಳು ಗಂಟೆ ಚಳೀಲಿ, ಕೆಲಸಕ್ಕೆ ಮುಂಚೆ ಯಾರು ಮಾತಾಡ್ತಾರೆ? ಕಾಫಿ ಎಸ್ಟೇಟಲ್ಲಿ ಮೂವತ್ತು ವರ್ಷ ಹಾಜರಿ ಬರೆಯೋ ರೈಟರ್ ಆಗಿದ್ದೆ, ದಿನಾ ನೋಡಿದೀನಿ.

ಮುಸ್ತಫಾ: ನೀವು ಸಂಬಳ ತಗೊಂಡು ನೋಡಿದ್ರಿ. ನಾಟಕ ನೋಡೋಕೆ ಬಂದವ್ರಿಗೆ ಸಂಬಳ ಇಲ್ಲ.

ಲಿಂಗಪ್ಪ: "ಎರಡು. ನಾಯಿ ಬೇಕು ಎಂದಿದೆ." ಇರ್ಲಿ ಬಿಡು. ಕಳಸದಲ್ಲಿ ನಾಯಿಗೆ ಬರಗಾಲವಾ?

ಮುಸ್ತಫಾ: ನಾಯಿ ಎಲ್ಲಿ ಬೊಗಳ್ಬೇಕು ಅಂತ ನೀವು ಬರ್ದಿದೀರಿ. ನಾಯಿ ಅದನ್ನ ಓದಿಲ್ಲ.

ಲಿಂಗಪ್ಪ: "ಮೂರು. ಲೋಡು ಜಾಸ್ತಿ. ಎರಡನೇ ದೃಶ್ಯದಲ್ಲಿ ಮೇಸ್ತ್ರಿ ನಾಲ್ಕು ಪುಟ ಒಬ್ಬನೇ ಹೆಸರು ಕರೆಯುತ್ತಾನೆ. ಒಟ್ಟು ಅರವತ್ತೆರಡು ಹೆಸರು." ಎಣಿಸ್ತಾ ಕೂತಿದ್ಯಾ?

ಮುಸ್ತಫಾ: ಎಣಿಸ್ದೆ ಬರೆಯೋದು ಹೇಗೆ?

ಲಿಂಗಪ್ಪ: ಅವು ಎಸ್ಟೇಟ್ ಬಿಟ್ಟು ಹೋದವ್ರ ಹೆಸರು, ಸತ್ತವ್ರ ಹೆಸರು. ಒಬ್ಬೊಬ್ರನ್ನೇ ಕರೀತಾನೆ, ಒಬ್ರೂ ಹಾಜರ್ ಅನ್ನಲ್ಲ. ನಾಟಕ ಅಂದ್ರೆ ಅದೇ ಮಾರಾಯ. ಒಂದು ಹೆಸರೂ ತೆಗೆಯಲ್ಲ ನಾನು.

ಮುಸ್ತಫಾ: ತೆಗೀರಿ ಅಂತ ಬರ್ದಿಲ್ಲ. ಲೋಡು ಜಾಸ್ತಿ ಅಂತ ಬರ್ದಿದೀನಿ.

ಲಿಂಗಪ್ಪ: "ನಾಲ್ಕು. ಬ್ರೇಕು ಜೋರು. ಕೊನೆಯಲ್ಲಿ ಥಟ್ಟನೆ ನಿಲ್ಲುತ್ತದೆ, ಕೂತವರು ಮುಗ್ಗರಿಸುತ್ತಾರೆ. ಒಟ್ಟಾರೆ ಘಾಟಿ ಹತ್ತುತ್ತದೆ." ಮೇಲಿಂದ ಗ್ಯಾರೇಜಿನ ಸೀಲು ಬೇರೆ.

ಮುಸ್ತಫಾ: ಸೀಲ್ ಹಾಕ್ದೆ ನಾನು ಎಂತದನ್ನೂ ಹೊರಗೆ ಬಿಡಲ್ಲ. ನೋಡಿ ರೈಟ್ರೆ, ದೋಷ ಮುಚ್ಚಿಟ್ಟು ಗಾಡಿ ಕೊಟ್ರೆ ಘಾಟೀಲಿ ನಿಂತ್ಕೊಂಡು ನನ್ನ ಹೆಸರು ಹಿಡಿದು ಬೈತಾರೆ. ದೋಷ ಹೇಳಿ ಕೊಟ್ಟ ಗಾಡಿ ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲ. ಅದಿರ್ಲಿ, ನನ್ನ ನಾಟಕಕ್ಕೆ ನೀವು ಎಂತ ಬರ್ದಿದೀರಿ?

ಮುಸ್ತಫಾ ಕೈ ಒರೆಸಿಕೊಂಡು ಅಂಗಿಯ ಜೇಬಿನಿಂದ ತಮ್ಮ ಪಾಲಿನ ಜೆರಾಕ್ಸು ತೆಗೆದರು. ಅದರ ಮೇಲೆ ಗ್ರೀಸಿನ ಹೆಬ್ಬೆರಳು ಬಿದ್ದಿತ್ತು, ಒಂದಲ್ಲ, ಏಳೆಂಟು.

ಮುಸ್ತಫಾ: "ನಾಟಕದ ಹೆಸರು, 'ತಿರುವಿನಲ್ಲಿ ನಿಂತವರು'. ಪಾತ್ರಗಳು ಎಂಟು. ಹಾಜರು ಎಂಟು. ಕೆಲಸ ಮಾಡುವವರು ಐದು. ಉಳಿದ ಮೂವರು ಮರದ ನೆರಳಿನಲ್ಲಿ ಕೂತಿರುತ್ತಾರೆ." ಇದು ಶಿಫಾರಸಾ?

ಲಿಂಗಪ್ಪ: ಇದ್ದದ್ದು ಇದ್ದ ಹಾಗೆ ಬರ್ದೆ.

ಮುಸ್ತಫಾ: ಅವ್ರು ಪ್ಯಾಸೆಂಜರ್ರು ರೈಟ್ರೆ. ಜೀಪು ಕೆಟ್ಟು ನಿಂತಿದೆ. ಕೂತ್ಕೊಳ್ದೆ ಎಂತ ಮಾಡ್ತಾರೆ?

ಲಿಂಗಪ್ಪ: ನಮ್ಮ ಎಸ್ಟೇಟಲ್ಲಾಗಿದ್ರೆ ಅರ್ಧ ದಿನದ ಹಾಜರಿ ಹಾಕ್ತಿದ್ದೆ.

ಮುಸ್ತಫಾ ಪತ್ರ ಮಡಚಿ ಜೇಬಿಗಿಟ್ಟು ಪುನಃ ಬಾನೆಟ್ಟಿನೊಳಗೆ ಹೋದರು.

ಲಿಂಗಪ್ಪ: ನಿನ್ನ ನಾಟಕ ಎರಡು ಸಲ ಹೈಸ್ಕೂಲಿನವ್ರು ಆಡಿದಾರೆ. ನಂದು ಒಂಬತ್ತು ನಾಟಕ ಇದೆ. ಬರೆಯೋಕೆ ಹಿಡಿದು ಇಪ್ಪತ್ತೆರಡು ವರ್ಷ ಆಯ್ತು, ಒಂದನ್ನೂ ನಾನು ಕುರ್ಚಿ ಮೇಲೆ ಕೂತು ನೋಡಿಲ್ಲ. ಈ ಸಲ ನೋಡ್ಬೇಕು ಅಂತ ಆಸೆ ಇತ್ತು. ನನ್ನ ಹೆಂಡ್ತಿ ರಜನಿ ಉಡೋಕೆ ಸೀರೆ ಕೂಡ ತೆಗೆದಿಟ್ಟಿದಾಳೆ.

ಮುಸ್ತಫಾ: ಅದಕ್ಕೇ ನಾಲ್ಕು ಸಲ ಓದಿ ಬರ್ದಿದ್ದು ನಾನು.

ಅಷ್ಟರಲ್ಲಿ ಪ್ರೇಮಕುಮಾರಿ ಟೀಚರ್ ಗ್ಯಾರೇಜಿಗೆ ಬಂದರು. ಅವರು ಬಳಗದ ಕಾರ್ಯದರ್ಶಿ. ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಕಂಕುಳಲ್ಲಿ ಫೈಲು ಇತ್ತು.

ಪ್ರೇಮಕುಮಾರಿ: ಇಬ್ರೂ ಒಂದೇ ಕಡೆ ಸಿಕ್ಕಿದ್ದು ಒಳ್ಳೇದಾಯ್ತು. ಇವತ್ತು ಆಮಂತ್ರಣ ಪತ್ರಿಕೆ ಪ್ರಿಂಟಿಗೆ ಕೊಡ್ಬೇಕು. ನಾಟಕದ ತೀರ್ಮಾನ ಎಲ್ರೂ ನನ್ನ ತಲೆಗೆ ಕಟ್ಟಿದಾರೆ. ಬಂದಿರೋದು ಮೂರು.

ಲಿಂಗಪ್ಪ: ಮೂರಾ? ಮೂರನೇದು ಯಾರದ್ದು?

ಪ್ರೇಮಕುಮಾರಿ: ರೇಣುಕಪ್ರಸಾದ್ರದ್ದು. "ಮಹಾತ್ಯಾಗಿಯ ಮನೆತನ". ತೊಂಬತ್ತನಾಲ್ಕು ಪುಟ.

ಲಿಂಗಪ್ಪ: ಅವ್ರಿಗೆ ಶಿಫಾರಸು...

ಲಿಂಗಪ್ಪನವರು ಅಷ್ಟಕ್ಕೇ ನಿಲ್ಲಿಸಿದರು. ಅವರಿಗೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವುದು ನೆನಪಾಯಿತು. ಮುಸ್ತಫಾ ಜೀಪಿನ ಅಡಿಗೆ ತೂರಿಕೊಂಡರು. ಕೆಟ್ಟಿದ್ದದ್ದು ಮೇಲಿನ ಭಾಗ.

ಪ್ರೇಮಕುಮಾರಿ: ಅವ್ರಿಗೆ ಎರಡು ಶಿಫಾರಸು ಇದೆ. ಓದ್ತೀನಿ. "ನಾಟಕವು ಉತ್ತಮವಾಗಿದೆ. ಯಾವ ದೋಷವೂ ಇಲ್ಲ. ಗುಲಾಮ್ ಮುಸ್ತಫಾ." ಸೀಲು ಇದೆ.

ಲಿಂಗಪ್ಪ: ಮುಸ್ತಫಾ, ಹೊರಗೆ ಬಾ.

ಮುಸ್ತಫಾ: (ಜೀಪಿನ ಅಡಿಯಿಂದ) ಕೈಯೆಲ್ಲ ಗ್ರೀಸಾಗಿತ್ತು ರೈಟ್ರೆ. ಕಾಗದ ಹಿಡ್ಕೊಂಡು ಪಕ್ಕದಲ್ಲೇ ನಿಂತ್ಕೊಂಡ್ರು. ಹೋಗ್ಲೇ ಇಲ್ಲ.

ಲಿಂಗಪ್ಪ: ನಂದಕ್ಕೆ ನಾಲ್ಕು ದೋಷ. ಅವರದ್ದಕ್ಕೆ ಒಂದೂ ಇಲ್ವಾ?

ಮುಸ್ತಫಾ: ನಿಮ್ಮದು ಓದಿದೆ.

ಲಿಂಗಪ್ಪ: ಓದ್ದೆ ಚೆನ್ನಾಗಿದೆ ಅಂತ ಬರ್ದ್ಯಾ?

ಮುಸ್ತಫಾ: ಚೆನ್ನಾಗಿದೆ ಅನ್ನೋಕೆ ಎಂತಕ್ಕೆ ಓದ್ಬೇಕು?

ಪ್ರೇಮಕುಮಾರಿ: ಇನ್ನೊಂದು ಕಾಗದ ಇದೆ. "ಅತ್ಯುತ್ತಮ ನಾಟಕ. ಎಲ್ಲ ಪಾತ್ರಗಳೂ ದಿನಪೂರ್ತಿ ಕೆಲಸ ಮಾಡುತ್ತವೆ. ಲಿಂಗಪ್ಪ, ನಿವೃತ್ತ ರೈಟರ್, ಬಾಳೂರು."

ಮುಸ್ತಫಾ ಜೀಪಿನ ಅಡಿಯಿಂದ ತಾವಾಗಿಯೇ ಹೊರಗೆ ಬಂದರು.

ಮುಸ್ತಫಾ: ಅತ್ಯುತ್ತಮವಾ ರೈಟ್ರೆ?

ಲಿಂಗಪ್ಪ: ಮನೆಗೇ ಬಂದು ಕೂತ್ರು ಮಾರಾಯ. ಮೂರು ಸಲ ಕಾಫಿ ಆಯ್ತು. ಹಾಲು ಮುಗೀತು, ಎಂತದಾದ್ರೂ ಬರ್ದು ಕೊಟ್ಟು ಕಳಿಸಿ ಅಂತ ರಜನಿ ಒಳಗಿಂದ ಕೈ ಮಾಡಿದ್ಲು. ದಾಕ್ಷಿಣ್ಯ ಅಂತ ಒಂದು ಇರುತ್ತಲ್ಲ.

ಮುಸ್ತಫಾ: ನನ್ನ ಮೇಲೆ ದಾಕ್ಷಿಣ್ಯ ಇರ್ಲಿಲ್ವಾ?

ಲಿಂಗಪ್ಪ: ನಿನ್ನ ಹತ್ರ ಎಂತ ದಾಕ್ಷಿಣ್ಯ?

ಇದು ಅವರಿಬ್ಬರ ಸ್ನೇಹದ ಬಗ್ಗೆ ಲಿಂಗಪ್ಪನವರು ಅದುವರೆಗೆ ಆಡಿದ್ದ ಅತಿ ದೊಡ್ಡ ಮಾತು. ಮುಸ್ತಫಾ ಅದನ್ನು ಬೈಗುಳ ಅಂತ ತಿಳಿದರು.

ಪ್ರೇಮಕುಮಾರಿ: ಒಟ್ಟಿನಲ್ಲಿ ಹೀಗಿದೆ. ನಿಮ್ಮಿಬ್ರಿಗೆ ಒಂದೊಂದೇ ಶಿಫಾರಸು, ಅದರ ತುಂಬ ದೋಷ. ರೇಣುಕಪ್ರಸಾದ್ರಿಗೆ ಎರಡು, ಒಂದು ದೋಷವೂ ಇಲ್ಲ.

ಲಿಂಗಪ್ಪ: ಗೊತ್ತಾಯ್ತು ಬಿಡಿ ಟೀಚರ್. ಅವರದ್ದೇ ಹಾಕಿ. ರಜನಿಗೆ ಸೀರೆ ಒಳಗಿಡು ಅಂತೀನಿ.

ಲಿಂಗಪ್ಪನವರು ಟಯರಿನ ಮೇಲಿಂದ ಎದ್ದು ಕರ್ಚೀಫು ಕೊಡವಿದರು. ಅವರಿಗೆ ಬೇಜಾರಾಗಿತ್ತು. ಅದನ್ನು ಮುಚ್ಚಿಕೊಳ್ಳಲು ಕರ್ಚೀಫನ್ನು ನಾಲ್ಕು ಸಲ ಕೊಡವಿದರು.

ಮುಸ್ತಫಾ: ಟೀಚರ್, ನನ್ನ ಕಾಗದ ವಾಪಸ್ ಕೊಡಿ. ಆ ಸೀಲು ಹಾಕಿ ನಾನು ಇವತ್ತಿನವರೆಗೆ ಸುಳ್ಳು ಹೇಳಿರ್ಲಿಲ್ಲ.

ಪ್ರೇಮಕುಮಾರಿ: ಕೂತ್ಕೊಳ್ಳಿ ಇಬ್ರೂ. ಅವರದ್ದು ಆಯ್ತು ಅಂತ ನಾನು ಹೇಳಿದ್ನಾ? ಮೂವತ್ತೊಂದು ವರ್ಷ ಪೇಪರ್ ತಿದ್ದಿದೀನಿ. ಒಂದು ಕೆಂಪು ಗೆರೆಯೂ ಇಲ್ದೆ "ಉತ್ತಮ" ಅಂತ ಯಾವ ಪೇಪರಿಗೆ ಬರೀತೀವಿ ಗೊತ್ತಾ? ಓದದೇ ಇರೋದಕ್ಕೆ.

ಇಬ್ಬರೂ ಕೂತರು. ಟಯರ್ ಒಂದೇ ಇತ್ತು.

ಪ್ರೇಮಕುಮಾರಿ: ಅರವತ್ತೆರಡು ಹೆಸರು ಅಂತ ಎಣಿಸಿ ಬರ್ದಿದಾರೆ ಇವ್ರು. ಅಷ್ಟು ಎಣಿಸೋ ಹಾಗೆ ಓದಿಸ್ಕೊಂಡ ನಾಟಕ ಯಾವ್ದಪ್ಪ ಅಂತ ನಿನ್ನೆ ನಾನೂ ಓದಿದೆ. ಈ ವರ್ಷ "ಬೆಳಗಿನ ಹಾಜರಿ". ಮುಸ್ತಫಾ ಅವ್ರೇ, ನಿಮ್ಮ ಪ್ಯಾಸೆಂಜರ್ರು ಇನ್ನೊಂದು ವರ್ಷ ನೆರಳಲ್ಲಿ ಕೂತಿರ್ಲಿ.

ಮುಸ್ತಫಾ: ಕೂತಿರ್ಲಿ ಟೀಚರ್. ಅವ್ರಿಗೆ ಅಭ್ಯಾಸ ಇದೆ.

ಪ್ರೇಮಕುಮಾರಿ: ಆದ್ರೆ ಲಿಂಗಪ್ಪನವ್ರೇ, ಸಂಸೆ ಬಸ್ಸು ಯಾರಿಗೂ ಕಾಯಲ್ಲ. ಹತ್ತು ನಿಮಿಷ ಕಡಿಮೆ ಮಾಡ್ಬೇಕು. ಎಲ್ಲಿ ಅಂತ ನೀವೇ ನೋಡಿ.

ಲಿಂಗಪ್ಪ: ಆಗ್ಲಿ. ರೇಣುಕಪ್ರಸಾದ್ರಿಗೆ ಹೇಳೋದು ಯಾರು?

ಪ್ರೇಮಕುಮಾರಿ: ಶಿಫಾರಸು ಮಾಡಿದವ್ರು.

ಟೀಚರ್ ಪ್ರೆಸ್ಸಿನ ಕಡೆ ಹೋದರು. ಲಿಂಗಪ್ಪನವರು ಕೈಚೀಲದಿಂದ ನಾಟಕದ ಪ್ರತಿ ತೆಗೆದು ತೊಡೆಯ ಮೇಲೆ ಬಿಡಿಸಿದರು. ಒಂದು ಹೆಸರೂ ತೆಗೆಯುವುದಿಲ್ಲ ಅಂದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ.

ಲಿಂಗಪ್ಪ: ಪೆನ್ಸಿಲ್ ಕೊಡು. ಹತ್ತು ಹೆಸರು ಇಟ್ಕೊಂಡು ಉಳಿದದ್ದು ಹೊಡೆದು ಹಾಕ್ತೀನಿ.

ಮುಸ್ತಫಾ: ಅದನ್ನ ಮುಟ್ಬೇಡಿ ರೈಟ್ರೆ. ನಾಯಿ ತೆಗೀರಿ. ಬೆಂಕಿ ಕಾಯಿಸೋದು ಅರ್ಧ ಪುಟಕ್ಕೆ ಇಳಿಸಿ. ಮಧ್ಯದಲ್ಲಿ ಒಂದು ಹಾಡಿದೆಯಲ್ಲ, ಸಾಲದಿದ್ರೆ ಅದನ್ನೂ ತೆಗೀರಿ. ಹೆಸರು ಇರ್ಲಿ.

ಲಿಂಗಪ್ಪ: ಮೂರನೇ ದೋಷ ಅಂತ ನೀನೇ ಬರ್ದಿದೀಯಲ್ಲ, ನಂಬರ್ ಹಾಕಿ.

ಮುಸ್ತಫಾ: ಲೋಡು ಜಾಸ್ತಿ, ಹೌದು. ಆದ್ರೆ ಗಾಡಿ ಹೊರಟಿರೋದೇ ಆ ಲೋಡು ಸಾಗಿಸೋಕೆ. ನಾಟಕದಲ್ಲಿ ಅದೇ ಚೆನ್ನಾಗಿರೋದು. ಓದ್ತಾ ಓದ್ತಾ ಮೂವತ್ತನೇ ಹೆಸರಿಗೆ ಬಂದಾಗ ಯಾರೂ ಓ ಅನ್ನಲ್ವಲ್ಲ ಅಂತ ತಡೀಲಿಕ್ಕಾಗ್ದೆ ನಾನೇ ಹಾಜರ್ ಅಂದೆ. ನನ್ನ ಹೆಂಡ್ತಿ ಸಾಬೀರಾ ಅಡಿಗೆ ಮನೆಯಿಂದ ಬಂದು, ಯಾರು ಬಂದ್ರು ಅಂತ ಕೇಳಿದ್ಲು.

ಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಚೊಕ್ಕಟವಾಗಿಯೇ ಇತ್ತು.

ಲಿಂಗಪ್ಪ: ಅದನ್ನ ಶಿಫಾರಸಲ್ಲಿ ಬರೀಬಾರ್ದಿತ್ತಾ?

ಮುಸ್ತಫಾ: ಚೆನ್ನಾಗಿರೋದನ್ನ ಎಂತಕ್ಕೆ ಬರೀಬೇಕು? ಅದು ಓನರಿಗೆ ಗೊತ್ತೇ ಇರುತ್ತೆ.

ಲಿಂಗಪ್ಪ: ಗೊತ್ತಿರ್ಲಿಲ್ಲ ಮಾರಾಯ.

ಮುಸ್ತಫಾ ಲಿಂಗಪ್ಪನವರ ಕೈಯಿಂದ ಶಿಫಾರಸಿನ ಜೆರಾಕ್ಸು ತೆಗೆದುಕೊಂಡು, ಬಾನೆಟ್ಟಿನ ಮೇಲಿಟ್ಟು, ನಾಲ್ಕನೇ ದೋಷದ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದು ಸೀಲು ಒತ್ತಿದರು.

"ಐದು. ಇದರಲ್ಲಿ ಯಾವುದು ಚೆನ್ನಾಗಿದೆ ಎಂಬುದು ಬರೆದವರಿಗೆ ಗೊತ್ತಿಲ್ಲ."